ಅಪ್ಪ ದಾರಿ ಕೇಳಿದ ಊರು

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವುದು ಅವಳ ಕೆಲಸ. ಡಿಪೋದಲ್ಲಿ ಡ್ರೈವರುಗಳಿಂದ ಹಿಡಿದು ಕ್ಯಾಂಟೀನಿನವನವರೆಗೆ ಎಲ್ಲರೂ ಅವಳನ್ನು ಚೆಕಿಂಗಮ್ಮ ಎಂದೇ ಕರೆಯುತ್ತಿದ್ದರು. ಬರಬರುತ್ತಾ ಅವಳ ಗಂಡನ ಬಾಯಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅವಳು ಹೇಳಿಕೊಡುತ್ತಿದ್ದ ಪಾಠ ಒಂದೇ: “ಟಿಕೆಟ್ ಇಲ್ಲದವನು ಮುಖ ತಪ್ಪಿಸ್ತಾನೆ ಅಂದ್ಕೋಬೇಡಿ. ಮುಖ ತಪ್ಪಿಸೋನು ನಾಚಿಕೆ ಸ್ವಭಾವದವನು ಅಷ್ಟೇ. ಟಿಕೆಟ್ ಇಲ್ಲದವನು ನಮ್ಮನ್ನ ನೋಡಿ ನಗ್ತಾನೆ. ಊಟ ಆಯ್ತಾ ಅಂತ ವಿಚಾರಿಸ್ತಾನೆ.”

ಕಸುಬಿನ ಗುಣ ಮನೆಯೊಳಗೂ ಬಂದಿತ್ತು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಅವನು ತಡವಾಗಿ ಬಂದ ದಿನ ಅಂಗಿಯ ತೋಳಿನ ಮೇಲೆ ಗಾಜಿನ ಬಿಳಿ ಪುಡಿ ಇಲ್ಲದ್ದನ್ನು ನೋಡಿ, “ಇವತ್ತು ಕೆಲಸವೇ ಇರಲಿಲ್ವಲ್ಲ, ಎಲ್ಲಿಗೆ ಹೋಗಿದ್ರಿ?” ಎನ್ನುತ್ತಿದ್ದಳು. ಮಗಳು ಪುಟ್ಟಿಯಂತೂ ಶಾಲೆಯಲ್ಲಿ ಬೈಸಿಕೊಂಡದ್ದನ್ನು ಚಪ್ಪಲಿ ಬಿಡುವ ಮೊದಲೇ ಹೇಳಿಬಿಡುವುದನ್ನು ಕಲಿತಿದ್ದಳು. “ಇವಳ ಮುಂದೆ ಸುಳ್ಳು ಹೇಳಿ ಒದ್ದಾಡೋದಕ್ಕಿಂತ ನಿಜ ಹೇಳಿ ಬೈಸ್ಕೊಳ್ಳೋದೇ ಸುಖ” ಎಂದು ಗಂಡ ನೆಂಟರ ಮುಂದೆ ನಗುತ್ತಿದ್ದ.

ಅವಳು ಎಂದೂ ಅನುಮಾನಿಸದ ಮನುಷ್ಯ ಎಂದರೆ ಅಪ್ಪ ಒಬ್ಬನೇ.

ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಅವನ ಎಡಗಾಲು ತುಸು ಗಿಡ್ಡ. ಏಣಿ ಹತ್ತಲಾರ. ಹಲಗೆಯನ್ನು ಅಂಗಳದಲ್ಲಿ ಮಲಗಿಸಿಕೊಂಡು ಕುಕ್ಕರುಗಾಲಿನಲ್ಲಿ ಕೂತು ಬರೆದು ಕೊಡುತ್ತಿದ್ದ. ಮೇಲೆ ಹತ್ತಿಸಿ ಮೊಳೆ ಹೊಡೆಯುವುದು ಅಂಗಡಿಯವರ ಪಾಡು. ಕಾಲಿಗೇನಾಯಿತು ಎಂದು ಯಾರಾದರೂ ಕೇಳಿದರೆ, “ಹನ್ನೆರಡು ವರ್ಷದವನಿದ್ದಾಗ ನಮ್ಮೂರಲ್ಲಿ ಮರದಿಂದ ಬಿದ್ದೆ” ಎನ್ನುತ್ತಿದ್ದ. ಅವನ ಊರು ಗಡಿಯಾಚೆ, ಬೇರೆ ದೇಶದಲ್ಲಿತ್ತು. ಆ ಕಡೆಯವರ ಮಾತೂ ಈ ಕಡೆಯದೇ, ಎಳೆದು ಆಡುವ ರಾಗವಷ್ಟೇ ಬೇರೆ.

ಅವಳು ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಸಂಜೆ ಅಪ್ಪ ಸೀಮೆಎಣ್ಣೆಯಲ್ಲಿ ಬ್ರಷ್ಷು ತೊಳೆಯುತ್ತಾ ಆ ಊರಿನ ಕತೆ ಹೇಳುತ್ತಿದ್ದ. ಹೊಳೆದಂಡೆ ಬೀದಿಯಲ್ಲಿ ಮನೆ. ಮನೆಯಿಂದ ಓಡಿದರೆ ನೇರ ನೀರಿಗೆ ಧುಮುಕುವುದೇ. ಒಂದು ತೋಳಿನ ದೋಣಿಯವನು, ಅವನ ಹಿಂದೆ ಹಿಂದೆಯೇ ಈಜಿಕೊಂಡು ಬರುವ ನಾಯಿ. ಬೇಕರಿಯ ಹಿಂಬಾಗಿಲಿನಿಂದ ನುಗ್ಗಿ ಬನ್ನು ಕದ್ದದ್ದು, ಬೇಕರಿಯವಳು ಹಿತ್ತಲಲ್ಲಿ ಅಟ್ಟಾಡಿಸಿ ಹಿಟ್ಟಿನ ಖಾಲಿ ಚೀಲದಿಂದ ಬಾರಿಸಿದ್ದು. ಈ ಕೊನೆಯ ಕತೆಗೆ ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಈ ಕತೆಗಳ ಗುಂಗಿನಲ್ಲೇ ಅವಳು ಈಜು ಕಲಿತಳು. ಅಪ್ಪ ದಡದಲ್ಲಿ ನಿಂತು, “ಕಾಲು ಬಡಿ, ಕಾಲು ಬಡಿ!” ಎಂದು ಕೂಗುತ್ತಿದ್ದ.

ಆ ಊರಿಗೆ ಹೋಗೋಣವೆಂದು ಹೊರಟವನು ಅವಳ ಗಂಡ. ಗಡಿ ದಾಟುವ ರೈಲು ಮತ್ತೆ ಓಡತೊಡಗಿತ್ತು. ಮಾವನಿಗೆ ಖುಷಿಯಾಗಲಿ ಎಂದು ಅವನು ಯಾರಿಗೂ ಹೇಳದೆ ಟಿಕೆಟ್ ಮಾಡಿಸಿ ಊಟದ ಹೊತ್ತಿಗೆ ಎಲ್ಲರೆದುರು ಇಟ್ಟ. “ಮಾವ, ನಿಮ್ಮೂರಿಗೆ! ಎಲ್ಲರೂ!”

ಅಪ್ಪ ಟಿಕೆಟ್ ನೋಡಿದ. ನಕ್ಕ. ನಗು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಮುಖದ ಮೇಲೆ ನಿಂತಿತ್ತು. ಆಮೇಲೆ, ತಟ್ಟೆಯ ಮುಂದೆ ಕೂತು ತುತ್ತು ಎತ್ತುತ್ತಿದ್ದ ಅಳಿಯನಿಗೆ, “ನಿಮ್ಮದು ಊಟ ಆಯ್ತಾ?” ಎಂದು ಕೇಳಿದ.

ಚೆಕಿಂಗಮ್ಮನ ಕೈ ಅನ್ನದಲ್ಲೇ ನಿಂತಿತು.

ಮರುದಿನದಿಂದ ಅಪ್ಪನಿಗೆ ಮಂಡಿನೋವು ಶುರುವಾಯಿತು. ಅದು ಸಾಲದೆಂದು ಸೆಕೆ. ಅದೂ ಸಾಲದೆಂದು, ಎಷ್ಟೋ ವರ್ಷದಿಂದ ಹಾಗೇ ಇದ್ದ ಬಚ್ಚಲುಮನೆಯ ಬಾಗಿಲಿಗೆ ಈಗಲೇ ಬಣ್ಣ ಹೊಡೆಯಬೇಕೆಂಬ ಹಟ. ಕೊನೆಗೆ ಪುಟ್ಟಿ, “ತಾತ, ನೀವು ಬರದಿದ್ರೆ ನಾನೂ ಹೋಗಲ್ಲ” ಎಂದು ಮುಖ ಊದಿಸಿಕೊಂಡು ಕೂತ ಮೇಲೆ ಅವನು ಚೀಲಕ್ಕೆ ಬಟ್ಟೆ ತುಂಬಿದ.

ಗಡಿಯ ಠಾಣೆಯಲ್ಲಿ ಅಧಿಕಾರಿಯೊಬ್ಬ ಕಿಟಕಿಯಾಚೆಯಿಂದ ಅಪ್ಪನನ್ನು ಮಾಮೂಲಿಯಾಗಿ ಕೇಳಿದ. “ಹುಟ್ಟಿದ್ದು ಇಲ್ಲೇನಾ?”

“ಇಲ್ಲ. ಬೆಳೆದಿದ್ದು.”

“ಊರು ಬಿಟ್ಟಿದ್ದು ಯಾವಾಗ?”

“ಚಿಕ್ಕವನಿದ್ದಾಗ... ಹತ್ತು ವರ್ಷ ಇರಬೇಕು.”

ಪಕ್ಕದಲ್ಲಿ ನಿಂತಿದ್ದ ಮಗಳು ಅಪ್ಪನನ್ನೇ ನೋಡಿದಳು. ಮರದಿಂದ ಬಿದ್ದಾಗ ಹನ್ನೆರಡು ಎಂದು ಅವನು ಹೇಳುತ್ತಿದ್ದುದು ಅವಳಿಗೆ ಬಾಯಿಪಾಠವಾಗಿತ್ತು. ಹತ್ತಕ್ಕೆ ಊರು ಬಿಟ್ಟವನು ಹನ್ನೆರಡಕ್ಕೆ ಅದೇ ಊರಿನ ಮರದಿಂದ ಬೀಳುವುದು ಹೇಗೆ?

ಊರಿನ ನಿಲ್ದಾಣದಲ್ಲಿ ಇಳಿದಾಗ ಮಧ್ಯಾಹ್ನದ ಬಿಸಿಲು. ಪುಟ್ಟಿ ತಾತನ ಕೈಹಿಡಿದು, “ಯಾವ ಕಡೆ ತಾತ?” ಎಂದಳು. ಅಪ್ಪ ಸ್ವಲ್ಪವೂ ತಡವರಿಸದೆ ಎಡಕ್ಕೆ ಹೊರಟ. ಎಲ್ಲರೂ ಸಾಮಾನು ಹೊತ್ತು ಹಿಂಬಾಲಿಸಿದರು. ರಸ್ತೆ ಸರಕು ಇಳಿಸುವ ಶೆಡ್ಡಿನ ಗೋಡೆಗೆ ಹೋಗಿ ಮುಟ್ಟಿ ಮುಗಿಯಿತು.

“ಎಲ್ಲಾ ಬದಲಾಗಿಬಿಟ್ಟಿದೆ” ಎಂದ ಅಪ್ಪ.

ಬಾಡಿಗೆ ಕಾರಿನವನು ಇದನ್ನು ಕೇಳಿ ನಕ್ಕ. “ಈ ಊರಾ ಯಜಮಾನ್ರೇ? ನಮ್ಮಪ್ಪ ಇಲ್ಲೇ ಗಾಡಿ ಓಡಿಸಿದ್ದು. ಸತ್ತೋನು ಈಗ ಎದ್ದು ಬಂದ್ರೂ ಕಣ್ಣುಮುಚ್ಚಿ ಓಡಿಸ್ತಾನೆ. ಗುಂಡಿಗಳು ಸಹ ಅವೇ.”

ವಸತಿಗೃಹದ ಯಜಮಾನಿಯನ್ನು ಹೊಳೆದಂಡೆ ಬೀದಿ ಎಲ್ಲಿ ಎಂದು ಕೇಳಿದಾಗ ಅವಳು ಹುಬ್ಬೇರಿಸಿದಳು. “ಅಲ್ಲಿ ಏನಿದೆ ನೋಡೋಕೆ? ಬರೀ ಗೋದಾಮು. ಮನೆ ಯಾವತ್ತೂ ಇರಲಿಲ್ಲ. ಹೊಳೆ ಉಕ್ಕಿದ್ರೆ ಹಾಸಿಗೆ ತೇಲಿಹೋಗೋ ಜಾಗದಲ್ಲಿ ಯಾರು ಮನೆ ಕಟ್ತಾರೆ?”

ಸಂಜೆ ತಿರುಗಾಡುವಾಗ ಅಪ್ಪ ಒಂದು ಕಮಾನಿನ ಗೇಟು ತೋರಿಸಿ, “ಇದೇ ನಮ್ಮ ಸ್ಕೂಲು” ಎಂದ. ಗೇಟಿನ ಮೇಲಿನ ಕಲ್ಲಿನಲ್ಲಿ ‘ಬಾಲಕಿಯರ ಪಾಠಶಾಲೆ’ ಎಂದು ಕೆತ್ತಿತ್ತು. ಅಕ್ಷರ ಸವೆದಿತ್ತು, ಅಷ್ಟು ಹಳೆಯದು. ದಾರಿಯುದ್ದಕ್ಕೂ ಸಿಕ್ಕ ಬೋರ್ಡುಗಳನ್ನೆಲ್ಲ ನಿಂತು ಓದಿ, “ಈ ಒತ್ತಕ್ಷರ ನೋಡು, ಎಷ್ಟು ಸೋಮಾರಿ ಕೈ” ಎಂದು ಟೀಕೆ ಮಾಡಿದ್ದ ಅಪ್ಪ ಅದೊಂದನ್ನು ಓದಲಿಲ್ಲ.

ವಸತಿಗೃಹದ ಹಿಂದಿನ ಜಗಲಿಯಲ್ಲಿ ಬಟ್ಟೆ ಒಣಹಾಕುತ್ತಾ ಅವಳು ಗಂಡನಿಗೆ ಪಿಸುಗುಟ್ಟಿದಳು. “ಇವನು ಈ ಊರಿನವನೇ ಅಲ್ಲ.”

“ವಯಸ್ಸಾಯ್ತು ಮಾರಾಯ್ತಿ. ಮರೆವು ಬರಲ್ವಾ?”

“ಮರೆತವನು ತಡಕಾಡ್ತಾನೆ ಕಣ್ರೀ. ಇವನು ತಡಕಾಡ್ತಾ ಇಲ್ಲ. ಕೇಳಿದ ಕೂಡ್ಲೇ ಉತ್ತರ ಕೊಡ್ತಾನೆ.”

“ಸರಿ, ಹಾಗಾದ್ರೆ ಯಾಕೆ ಸುಳ್ಳು ಹೇಳ್ತಾರೆ?”

ಅದೇ ಅವಳಿಗೂ ಬಗೆಹರಿಯದ್ದು. ಎಲ್ಲಿಯೋ ಏನೋ ಮಾಡಿ ತಲೆಮರೆಸಿಕೊಂಡು ಬಂದವನೇ? ಜೈಲಿನಲ್ಲಿದ್ದನೇ? ಇನ್ಯಾರದೋ ಹೆಸರಿನಲ್ಲಿ ಬದುಕುತ್ತಿದ್ದಾನೆಯೇ? ಅಮ್ಮನಿಗೆ ಗೊತ್ತಿತ್ತೇ? ಹಿಂಡಿದ ಸೀರೆಯನ್ನೇ ಅವಳು ಮತ್ತೆ ಮತ್ತೆ ಹಿಂಡುತ್ತಾ ನಿಂತಳು.

ಮರುದಿನ ಬೆಳಿಗ್ಗೆ ಬೇಕರಿಗೆ ಹೋದರು. ಬೇಕರಿ ಇದ್ದದ್ದಂತೂ ನಿಜವೇ. ಗಾಜಿನ ಕಪಾಟು, ಒಳಗೆ ಕುಲುಮೆಯಂಥ ದೊಡ್ಡ ಒಲೆ, ಬಿಸಿ ಬನ್ನಿನ ವಾಸನೆ. ಹೆಚ್ಚುಕಡಿಮೆ ಅಪ್ಪನ ವಯಸ್ಸಿನ ಬೇಕರಿಯವನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬಂದು ಬೆಂಚು ತೋರಿಸಿದ. ಪುಟ್ಟಿಗೆ ತಡೆಯಲಾಗಲಿಲ್ಲ.

“ನಮ್ಮ ತಾತ ಚಿಕ್ಕವರಿದ್ದಾಗ ನಿಮ್ಮ ಅಂಗಡೀಲಿ ಬನ್ನು ಕದ್ದಿದ್ರು! ಹಿಂಬಾಗಿಲಿಂದ! ಬೇಕರಿಯವಳು ಹಿತ್ತಲಲ್ಲಿ ಓಡಿಸ್ಕೊಂಡು ಹೋಗಿ ಹಿಟ್ಟಿನ ಚೀಲದಲ್ಲಿ ಹೊಡೆದಿದ್ಲು!”

ಬೇಕರಿಯವನ ಮುಖದ ನಗು ಆರಿತು. ಕೈಯನ್ನು ಸೊಂಟಕ್ಕೆ ಕಟ್ಟಿದ್ದ ಬಟ್ಟೆಗೆ ನಿಧಾನವಾಗಿ ಒರೆಸಿಕೊಂಡ.

“ಯಾರಿಗೆ ಹೊಡೆದಿದ್ದು?”

“ನಮ್ಮ ತಾತಂಗೆ.”

“ಇಲ್ಲ ಮಗು” ಎಂದ ಅವನು, ಅಪ್ಪನ ಮೇಲಿಂದ ಕಣ್ಣು ತೆಗೆಯದೆ. “ಆ ಹಿತ್ತಲಲ್ಲಿ ಆವತ್ತು ಇದ್ದಿದ್ದು ಇಬ್ಬರೇ. ನಮ್ಮ ದೊಡ್ಡಮ್ಮ, ನಾನು. ಸುತ್ತ ಆಳೆತ್ತರದ ಗೋಡೆ. ದೊಡ್ಡಮ್ಮ ಸತ್ತು ಎಷ್ಟೋ ಕಾಲ ಆಯ್ತು. ನಾನು ಹೆಂಡತಿಗೂ ಹೇಳಿಲ್ಲ. ನಿಮಗೆ ಯಾರು ಹೇಳಿದ್ರು ಯಜಮಾನ್ರೇ?”

ಅಪ್ಪ ಬಾಯಲ್ಲಿದ್ದ ಬನ್ನನ್ನು ನುಂಗಲಾರದೆ ನುಂಗಿದ. “ಬೇರೆ ಬೇಕರಿ ಇರಬೇಕು.”

“ಈ ಊರಲ್ಲಿ ಬೇರೆ ಬೇಕರಿ ಇಲ್ಲ.”

ಅಪ್ಪ ಅರ್ಧ ತಿಂದ ಬನ್ನನ್ನು ತಟ್ಟೆಯಲ್ಲಿಟ್ಟು ಎದ್ದು ಬೀದಿಗಿಳಿದ. ಬೇಕರಿಯವನು ಬಾಗಿಲವರೆಗೆ ಬಂದು ಅವನು ಹೋಗುವುದನ್ನು ನೋಡುತ್ತಾ ನಿಂತ. “ನಿಮ್ಮ ತಂದೆಯವರಾ?” ಎಂದು ಅವಳನ್ನು ಕೇಳಿದ. ಹೌದೆನ್ನಲು ಅವಳಿಗೆ ಒಂದು ಕ್ಷಣ ಬೇಕಾಯಿತು.

ಊಟವಾದ ಮೇಲೆ ಅಪ್ಪ, “ಸ್ವಲ್ಪ ಮಲಗ್ತೀನಿ” ಎಂದು ಕೋಣೆ ಸೇರಿದ. ಗಂಡ, ಮಗಳು ದೋಣಿ ನೋಡಲು ಹೋದರು. ತಲೆನೋವೆಂದು ಅವಳು ಉಳಿದಳು. ತುಸು ಹೊತ್ತಿನಲ್ಲೇ ಅಪ್ಪನ ಕೋಣೆಯ ಬಾಗಿಲು ಮೆಲ್ಲಗೆ ತೆರೆದು ಮುಚ್ಚಿತು. ಅವಳು ಚಪ್ಪಲಿ ಮೆಟ್ಟಿ ಹಿಂದೆ ಹೊರಟಳು.

ಅವನು ಕೂಡುರಸ್ತೆಯಲ್ಲಿ ನಿಂತು ತರಕಾರಿ ಮಾರುವವಳ ಮುಂದೆ ಬಗ್ಗಿ ಏನೋ ಕೇಳಿದ. ಅವಳು ಕೈಯೆತ್ತಿ ತೋರಿಸಿದಳು. ಮುಂದಿನ ತಿರುವಿನಲ್ಲಿ ಸೈಕಲ್ ಅಂಗಡಿಯವನನ್ನು ಕೇಳಿದ. ಅಪ್ಪ ತನ್ನ ಊರಿನಲ್ಲಿ ದಾರಿ ಕೇಳುತ್ತಿದ್ದಾನೆ! ಚೆಕಿಂಗಮ್ಮ ಒಂದು ಕಂಬದ ಮರೆಗೆ ಸರಿದಳು. ಇಷ್ಟು ವರ್ಷ ಕೆಲಸದಲ್ಲಿ ಎಷ್ಟೋ ಜನರನ್ನು ಹಿಡಿದಿದ್ದಳು. ಹಿಡಿಯದೇ ಇದ್ದರೆ ಸಾಕು ಎಂದು ಅನ್ನಿಸಿದ್ದು ಇದೇ ಮೊದಲು.

ದಾರಿ ಏರುಮುಖವಾಯಿತು. ಅಪ್ಪ ಕಾಲೆಳೆಯುತ್ತಾ, ಅಲ್ಲಲ್ಲಿ ಗೋಡೆ ಹಿಡಿದು ನಿಲ್ಲುತ್ತಾ ಹತ್ತಿದ. ಗುಡ್ಡದ ನೆತ್ತಿಯಲ್ಲಿ ಎರಡಂತಸ್ತಿನ ಹಳದಿ ಕಟ್ಟಡ. ಈಗ ಅದು ಭೂಮಾಪನ ಕಚೇರಿ. ಕಾವಲಿನವನು ಅಪ್ಪನನ್ನು ತಡೆದಿದ್ದ. “ಏನು ಕೆಲಸ ಹೇಳಿ. ಸುಮ್ನೆ ಮಹಡಿ ನೋಡ್ಬೇಕು ಅಂದ್ರೆ ಹೆಂಗೆ?”

“ಅಪ್ಪಾ” ಎಂದಳು ಅವಳು ಹಿಂದಿನಿಂದ.

ಅಪ್ಪ ಬೆಚ್ಚಲಿಲ್ಲ. ತಿರುಗಲೂ ಇಲ್ಲ. “ನೀನು ಬರ್ತೀಯ ಅಂತ ಗೊತ್ತಿತ್ತು.”

“ಇದು ಯಾರ ಮನೆ?”

“ಮನೆ ಅಲ್ಲ. ಆಗ ಆಸ್ಪತ್ರೆ ಆಗಿತ್ತು. ಮೂಳೆಗೆ ಕ್ಷಯ ಬಂದ ಮಕ್ಕಳದ್ದು, ನಮ್ಮ ಕಡೆ ಅಂಥದ್ದಿರಲಿಲ್ಲ. ನಾನು ಇದ್ದಿದ್ದು ಇಲ್ಲೇ.”

“ಎಷ್ಟು ದಿನ?”

“ದಿನ ಅಲ್ಲ ಕಣೇ, ವರ್ಷಗಳು. ಆರು ವರ್ಷದವನನ್ನ ತಂದು ಮಲಗಿಸಿದ್ರು. ಮೀಸೆ ಚಿಗುರೋ ಹೊತ್ತಿಗೆ ಎಬ್ಬಿಸಿದ್ರು.”

ಕಾವಲಿನವನು ಅಪ್ಪನ ಕಾಲನ್ನೊಮ್ಮೆ ನೋಡಿ ದಾರಿ ಬಿಟ್ಟ.

ಮಹಡಿಯ ಮೇಲೆ ಅಪ್ಪ ಯಾರನ್ನೂ ಕೇಳಲಿಲ್ಲ. ಕಾರಿಡಾರಿನುದ್ದಕ್ಕೂ ನೇರ ನಡೆದು ಕೊನೆಯ ಕೋಣೆಗೆ ಹೋದ. ಕಿಟಕಿಯ ಪಕ್ಕ ಮೇಜು ಹಾಕಿಕೊಂಡಿದ್ದ ಗುಮಾಸ್ತೆಯನ್ನು, “ಅಮ್ಮಾ, ಒಂಚೂರು ಸರೀತೀರಾ?” ಎಂದು ಕೇಳಿಕೊಂಡ. ಅವಳು ಅಚ್ಚರಿಯಿಂದ ಕುರ್ಚಿ ಹಿಂದಕ್ಕೆಳೆದಳು. ಅಪ್ಪ ಕಿಟಕಿಯ ಬಳಿ ನಿಲ್ಲದೆ ಕೆಳಗೆ ಕೂತ. ಕಣ್ಣು ಚೌಕಟ್ಟಿನ ಅಂಚಿಗೆ ಸಮವಾಗುವಷ್ಟು ತಗ್ಗಿ, ಕತ್ತು ವಾಲಿಸಿದ.

“ಹಾಸಿಗೆ ಇಷ್ಟು ಎತ್ತರ ಇತ್ತು. ಮೂಳೆ ಅಲುಗಾಡದ ಹಾಗೆ ಎದೆಯಿಂದ ಹಿಡಿದು ಪಾದದವರೆಗೆ ಸುಣ್ಣದ ಪಟ್ಟಿ. ಕತ್ತು ಮಾತ್ರ ಹೊರಳಿಸಬಹುದಿತ್ತು. ಈ ಕಡೆಗೆ.”

ಅವಳೂ ಪಕ್ಕದಲ್ಲಿ ಕೂತು ಕತ್ತು ವಾಲಿಸಿದಳು. ಅಪ್ಪ ಹೇಳಿದ ಊರು ಪೂರ್ತಿ ಆ ಚೌಕಟ್ಟಿನೊಳಗಿತ್ತು. ಹೊಳೆ, ದೋಣಿ ನಿಲ್ಲುವ ಕಟ್ಟೆ. ಗೋದಾಮುಗಳ ಹಿಂದಿನ ಮನೆಗಳು ಇಲ್ಲಿಂದ ನೀರಿನ ಅಂಚಿಗೇ ಕಟ್ಟಿದಂತೆ ಕಾಣುತ್ತಿದ್ದವು. ಚೀಲ ಹೊತ್ತ ಮಕ್ಕಳು ಕಮಾನಿನ ಗೇಟಿನೊಳಗೆ ಹೋಗುತ್ತಿದ್ದರು. ಹುಡುಗರೋ ಹುಡುಗಿಯರೋ, ಇಷ್ಟು ಮೇಲಿನಿಂದ ಯಾರಿಗೆ ತಿಳಿದೀತು? ಗುಡ್ಡದ ಬುಡದಲ್ಲಿ ಬೇಕರಿಯ ಹಿತ್ತಲು. ಬೀದಿಯಿಂದ ಯಾರಿಗೂ ಕಾಣದ ಆ ಹಿತ್ತಲು ಇಲ್ಲಿಗೆ ಅಂಗೈಯಂತೆ ತೆರೆದುಕೊಂಡಿತ್ತು.

“ಹಾಗಾದ್ರೆ ಹೊಳೇಲಿ ಈಜಿದ್ದು?”

“ಬೇರೆ ಹುಡುಗರು. ನಾನು ನೋಡ್ತಿದ್ದೆ.”

“ನನಗೆ ಕಾಲು ಬಡಿ, ಕಾಲು ಬಡಿ ಅಂತ ಕೂಗ್ತಿದ್ದೆಯಲ್ಲೋ ಅಪ್ಪಾ!”

“ಅವರು ಬಡೀತಿದ್ರು. ನೋಡಿದ್ನಲ್ಲ.”

ನಗು ಬಂತು, ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು. “ಆಸ್ಪತ್ರೇಲಿದ್ದೆ ಅಂತ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಕಾಯಿಲೆ ಬರೋದು ತಪ್ಪಾ? ನಿನ್ನೆಯಿಂದ ನಾನು ನಿನ್ನನ್ನ ಕಳ್ಳ ಅಂದ್ಕೊಂಡೆ, ಕೊಲೆಗಾರ ಅಂದ್ಕೊಂಡೆ. ಏನೇನೆಲ್ಲಾ ಅಂದ್ಕೊಂಡೆ ಗೊತ್ತಾ?”

ಅಪ್ಪ ಕಿಟಕಿಯಿಂದ ಕಣ್ಣು ಕೀಳಲಿಲ್ಲ. “ಆಸ್ಪತ್ರೇಲಿದ್ದೆ ಅಂದ್ರೆ ಜನ ಅಲ್ಲಿಗೇ ಬಿಡಲ್ಲ. ನಿಮ್ಮಪ್ಪ ಅಮ್ಮ ನೋಡೋಕೆ ಬರ್ತಿದ್ರಾ ಅಂತ ಕೇಳ್ತಾರೆ.”

“ಬರ್ತಿರಲಿಲ್ವಾ?”

“ಬಿಟ್ಟು ಹೋದವರು ಕರ್ಕೊಂಡು ಹೋಗೋಕೆ ಬಂದ್ರು. ಮಧ್ಯೆ ಬರಲಿಲ್ಲ. ಗಡಿ ಮುಚ್ಚಿತ್ತಂತೆ.”

“ಮುಚ್ಚಿತ್ತಲ್ಲಪ್ಪ. ಆಗ ಗಲಾಟೆ ಇತ್ತು. ಎಲ್ಲರೂ ಹೇಳ್ತಾರೆ.”

“ಮುಚ್ಚಿತ್ತು” ಎಂದ ಅಪ್ಪ. “ಪಕ್ಕದ ಹಾಸಿಗೆ ಹುಡುಗನ ತಾಯಿ ಬರ್ತಾನೇ ಇದ್ದಳು. ಅವಳೂ ನಮ್ಮ ಕಡೆಯವಳೇ.”

ಚೆಕಿಂಗಮ್ಮ ನೆನೆದದ್ದು ತನ್ನ ಅಜ್ಜಿಯನ್ನು, ಅಪ್ಪನ ತಾಯಿಯನ್ನು. ಅಮ್ಮ ಹೋದ ಮೇಲೆ ತಲೆಬಾಚಿ, ಜಡೆ ಹಾಕಿ, ತುತ್ತು ಮಾಡಿ ತಿನ್ನಿಸಿದವಳು. ಅಂಥವಳು ಮಗನನ್ನು ಇಲ್ಲಿ ಮಲಗಿಸಿ ವರ್ಷಗಟ್ಟಲೆ ಬರದೆ ಇದ್ದಳೇ? ಬರಲಾಗಲಿಲ್ಲವೋ, ಬರಲಿಲ್ಲವೋ? ಸತ್ತುಹೋದ ಅಜ್ಜಿಯ ಮುಖವನ್ನು ಅವಳು ಮನಸ್ಸಿನಲ್ಲೇ ಹುಡುಕಿದಳು, ಬಸ್ಸಿನಲ್ಲಿ ಹುಡುಕುವ ಹಾಗೆಯೇ. ಹಾಗೆ ಹುಡುಕುತ್ತಿದ್ದೇನೆ ಎಂದು ಹೊಳೆದಾಗ ಅವಳಿಗೇ ನಾಚಿಕೆಯಾಯಿತು.

ಗುಮಾಸ್ತೆ ಇಬ್ಬರಿಗೂ ನೀರು ತಂದುಕೊಟ್ಟಳು. ಅಪ್ಪ ಎದ್ದೇಳಲು ಮಗಳ ಭುಜ ಹಿಡಿದ.

ಹೊರಡುವ ದಿನ ಅಪ್ಪನೇ, “ಬೇಕರಿಗೆ ಹೋಗಿ ಬರೋಣ” ಎಂದ. ಅವರನ್ನು ಕಂಡು ಬೇಕರಿಯವನು ಬೆಂಚು ತೋರಿಸಲಿಲ್ಲ. ಅಪ್ಪ ನಿಂತೇ ಎಲ್ಲವನ್ನೂ ಹೇಳಿದ. ಬೇಕರಿಯವನು ನಂಬಲಿಲ್ಲ. ಹಿಂಬಾಗಿಲು ತೆರೆದು ಹಿತ್ತಲಿಗೆ ಹೋಗಿ, ಹಣೆಗೆ ಕೈ ಅಡ್ಡ ಹಿಡಿದು ಗುಡ್ಡದ ಮೇಲಿನ ಕಿಟಕಿಯನ್ನು ಬಹಳ ಹೊತ್ತು ನೋಡಿದ.

“ಆ ಕಿಟಕೀಲಿ ಒಂದು ಬಿಳಿ ಮುಖ ಕಾಣ್ತಿತ್ತು” ಎಂದ. “ದೆವ್ವ ಅಂತ ನಾವು ಹುಡುಗರು ಕಲ್ಲು ಹೊಡೀತಿದ್ವಿ.”

“ನಾನೇ ಅದು.”

“ಕಲ್ಲು ತಾಗ್ತಿತ್ತಾ?”

“ನಿಮ್ಮ ಕೈಲಿ ಅಷ್ಟು ಮೇಲಕ್ಕೆ ಎಲ್ಲಿ ಆಗ್ತಿತ್ತು!”

ಬೇಕರಿಯವನಿಗೆ ನಗು ತಡೆಯಲಾಗಲಿಲ್ಲ. ಬೆಂಚು ಎಳೆದು ಹಾಕಿದ. ಆದರೆ ಅಪ್ಪ ಹಿಟ್ಟಿನ ಚೀಲದ ಏಟಿನ ಕತೆ ತೆಗೆದು ಎಂದಿನಂತೆ ನಗತೊಡಗಿದಾಗ ಅವನು ಕೈ ಅಡ್ಡ ಮಾಡಿದ.

“ಅದು ಏಟಲ್ಲ ಮಾರಾಯ. ಒಲೆಗೆ ಬಗ್ಗಿ ಬನ್ನು ತೆಗೆಯೋವಾಗ ಅಂಗಿಗೆ ಬೆಂಕಿ ಹತ್ಕೊಂಡಿತ್ತು. ನಾನು ಹೆದರಿ ಓಡ್ತಿದ್ದೆ. ದೊಡ್ಡಮ್ಮ ಚೀಲದಲ್ಲಿ ಬಡಿದು ಆರಿಸಿದ್ಲು.” ಕಾಲರನ್ನು ಕೆಳಗೆಳೆದು ತೋರಿಸಿದ. ಕತ್ತಿನಿಂದ ಬೆನ್ನಿಗೆ ಇಳಿದ ಸುಟ್ಟ ಕಲೆ ಸುಕ್ಕುಸುಕ್ಕಾಗಿ ಹೊಳೆಯುತ್ತಿತ್ತು.

ಜೀವಮಾನವಿಡೀ ಅದನ್ನು ಹೇಳಿ ನಕ್ಕಿದ್ದ ಅಪ್ಪ ಆ ಕಲೆಯನ್ನು ನೋಡುತ್ತಾ ಕೂತ. “ಆಮೇಲೆ ತುಂಬಾ ದಿನ ನೀನು ಹಿತ್ತಲಿಗೆ ಬರಲಿಲ್ಲ” ಎಂದ ಕೊನೆಗೆ. “ಎಲ್ಲೋ ಜಾಲಿಯಾಗಿ ಊರು ತಿರುಗೋಕೆ ಹೋಗಿದ್ದಾನೆ ಅಂತ ನನಗೆ ಹೊಟ್ಟೆಕಿಚ್ಚಾಗಿತ್ತು.”

“ಮಕಾಡೆ ಮಲಗಿದ್ದೆ” ಎಂದ ಬೇಕರಿಯವನು. “ನಿನ್ನ ಹಾಗೇ.”

ಇಬ್ಬರೂ ಮುದುಕರು ರೈಲಿನ ಹೊತ್ತಾಗುವವರೆಗೆ ಆ ಬೆಂಚಿನಲ್ಲೇ ಕೂತಿದ್ದರು. ದೋಣಿಯವನ ನಾಯಿ ಏನಾಯಿತು, ಹೊಳೆಯಲ್ಲಿ ಎಲ್ಲರಿಗಿಂತ ದೂರ ಈಜುತ್ತಿದ್ದ ಹುಡುಗ ಯಾರು ಎಂದು ಅಪ್ಪ ಕೇಳುತ್ತಾ ಹೋದ. ಬೇಕರಿಯವನು ಹೇಳುತ್ತಾ ಹೋದ. ಹೊರಡುವಾಗ ಬೇಕರಿಯವನು ಪುಟ್ಟಿಯ ಕೈಗೆ ಬನ್ನಿನ ಪೊಟ್ಟಣ ಕೊಟ್ಟು, “ನಿಮ್ಮ ತಾತಂಗೆ ಹೇಳು, ಇನ್ಮೇಲೆ ಆ ಕತೆ ಹೇಳೋವಾಗ ನನ್ನ ಹೆಸರಲ್ಲಿ ಹೇಳ್ಬೇಕು” ಎಂದ.

ಊರಿಗೆ ಮರಳಿದ ಮೇಲೆ ಅಪ್ಪ ಮೊಮ್ಮಗಳಿಗೆ ಆಸ್ಪತ್ರೆಯ ಕತೆಗಳನ್ನು ಹೇಳತೊಡಗಿದ. ಕೆಳಗಿನ ಅಂಗಡಿ ಬೋರ್ಡುಗಳನ್ನು ತೋರಿಸಿ ತೋರಿಸಿ ಅಕ್ಷರ ಕಲಿಸಿದ ದಾದಿ, ಸುಣ್ಣದ ಪಟ್ಟಿಯೊಳಗೆ ಹೊಕ್ಕ ಇರುವೆ. ಚೆಕಿಂಗಮ್ಮ ಅಡುಗೆಮನೆಯಿಂದಲೇ ಕಿವಿಗೊಟ್ಟು, “ಇದಾದ್ರೂ ನಿಜಾನಾ?” ಎಂದು ಕೂಗುತ್ತಿದ್ದಳು. ಅಪ್ಪನಿಗೆ ಸಿಟ್ಟು ಬರುತ್ತಿತ್ತು.

ಅಪ್ಪನಿಗೆ ಒಬ್ಬಳು ತಂಗಿಯಿದ್ದಳು. ಒಂದು ರಜೆಯ ದಿನ ಚೆಕಿಂಗಮ್ಮ ಆ ಅತ್ತೆಯ ಮನೆಗೆ ಹೋಗಿ ಬಂದಳು. ಬಂದವಳು ಅಂಗಳದಲ್ಲಿ ಹಲಗೆ ಮಲಗಿಸಿಕೊಂಡು ಬೋರ್ಡು ಬರೆಯುತ್ತಿದ್ದ ಅಪ್ಪನ ಪಕ್ಕ ಕೂತಳು.

“ಅತ್ತೇನ ಕೇಳಿದೆ. ಅಜ್ಜಿ ಪ್ರತಿ ಬೇಸಿಗೇಲೂ ಗಡಿವರೆಗೂ ಹೋಗ್ತಿದ್ಲಂತೆ. ಬಿಡ್ತಿರಲಿಲ್ವಂತೆ. ಅತ್ತು ವಾಪಸ್ ಬರ್ತಿದ್ಲಂತೆ.”

ಅಪ್ಪ ಬಣ್ಣದ ಡಬ್ಬಿಯ ಮುಚ್ಚಳವನ್ನು ಒತ್ತಿ ಮುಚ್ಚಿದ. “ನಿನಗೇನನ್ನಿಸ್ತು? ನಿಜ ಹೇಳಿದ್ಲಾ?”

“ಗೊತ್ತಾಗಲಿಲ್ಲಪ್ಪ. ಅತ್ತೆ ಆಗಿನ್ನೂ ಹಸುಗೂಸು. ಅಜ್ಜಿ ಹೇಳಿದ್ದನ್ನೇ ಹೇಳಿರಬೇಕು.”

ಅಪ್ಪ ತಲೆಯಾಡಿಸಿದ. “ಅಮ್ಮ ಬದುಕಿದ್ದಾಗ ನಾನೇ ಕೇಳಬಹುದಿತ್ತು” ಎಂದ. “ಎಷ್ಟೋ ಸಲ ಬಾಯಿಗೆ ಬಂದಿತ್ತು. ಕೇಳಿದ್ರೆ ನಿಜ ಹೇಳಿಬಿಡ್ತಾಳೇನೋ ಅಂತ ಭಯ.”

ಅವಳು ಬಿಸಿಲು ಬಂದಿದ್ದ ಕಡೆಯಿಂದ ಹಲಗೆಯನ್ನು ಎಳೆದು ನೆರಳಿಗೆ ಹಾಕಿಕೊಟ್ಟಳು. ಅಪ್ಪ ಅದರ ಪಕ್ಕಕ್ಕೆ ಸರಿದು ಕೂತ.